ವೆಜ್ ಕೈಮಾ, ಮೀಲ್ ಮೇಕರ್, ಗುಜ್ಜೆ: ಮಾಂಸದ ಬದಲು ತಿಂದ್ರೆ ರುಚಿಗೂ ಮೈಗೂ ಆಗತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಪ್ಲಾಂಟ್ ಬೇಸ್ಡ್ ಮೀಟ್, ಅಂದ್ರೆ ಗಿಡದ ಪ್ರೋಟೀನಿಂದ ಮಾಂಸದ ಥರ ಮಾಡಿರೋ ತಿನಿಸುಗಳ ಬಗ್ಗೇನೇ ಇದ್ವು, ಹಾಗಾಗಿ ಅವನ್ನೆಲ್ಲಾ ಒಟ್ಟಿಗೆ ತಗೊಂಡಿದೀವಿ. ಉತ್ತರ ಕೊಟ್ಟಿರೋರು ಫುಡ್ ಟೆಕ್ನಾಲಜಿ ಓದಿರೋ ಡಯಟೀಷಿಯನ್.

ಪ್ರಶ್ನೆ: ಮೇಡಂ ನಮಸ್ತೆ, ನಮ್ದು ಮಂಡ್ಯ, ವಯಸ್ಸು 52. ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ, ಡಾಕ್ಟ್ರು ಮಟನ್ ಕಮ್ಮಿ ಮಾಡಿ ಅಂದ್ರು. ಮಗ ಬೆಂಗಳೂರಿಂದ ಫ್ರೋಜನ್ ವೆಜ್ ಕೈಮಾ ಪ್ಯಾಕೆಟ್ ತಂದಿದಾನೆ. ನಿಜವಾಗ್ಲೂ ಒಳ್ಳೇದಾ ಅದು? ಭಾನುವಾರ ಮಟನ್ ಸಾರಿಲ್ದೆ ಮುದ್ದೆ ಒಳಗೆ ಇಳಿಯಲ್ಲ, ಆ ರುಚಿ ಇದ್ರಲ್ಲಿ ಬರತ್ತಾ?

ಉತ್ತರ: ನಮಸ್ತೆ ಸರ್. ರುಚಿಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನಾಲಿಗೆಗೆ ಹಿಡಿಸದೇ ಇದ್ರೆ ಆರೋಗ್ಯದ ಮಾತು ಎಷ್ಟು ಹೇಳಿದ್ರೂ ಎರಡು ವಾರಕ್ಕೆ ಮತ್ತೆ ಮಟನ್ ಅಂಗಡಿ ಮುಂದೆ ನಿಂತಿರ್ತೀರಿ. ಮಟನ್ ಸಾರಿನ ರುಚಿ ಬರೋದು ಮೂರು ಕಡೆಯಿಂದ. ಒಂದು ಮೂಳೆ, ಅದರ ಜೊತೆ ಇರೋ ಕೊಲಾಜನ್ ಬೇಯ್ತಾ ಬೇಯ್ತಾ ಜೆಲಟಿನ್ ಆಗಿ ಸಾರಿಗೆ ಆ ಅಂಟು, ಆ ಗಟ್ಟಿತನ ಕೊಡತ್ತೆ. ಇನ್ನೊಂದು ಕೊಬ್ಬು, ಕುರಿ ಕೊಬ್ಬಲ್ಲಿ ಕೆಲವು ವಿಶೇಷ ಫ್ಯಾಟಿ ಆಸಿಡ್ ಇರ್ತಾವೆ, ಕುರಿ ಅಂತ ಮೂಗಿಗೆ ಗೊತ್ತಾಗೋದೇ ಅವುಗಳಿಂದ. ಮೂರನೇದು ಮಾಂಸ ಹುರಿವಾಗ ಅದರ ಪ್ರೋಟೀನು ಸಕ್ಕರೆ ಅಂಶ ಸೇರಿ ಕಂದು ಬಣ್ಣಕ್ಕೆ ತಿರುಗೋವಾಗ ಬರೋ ಘಮ. ಗಿಡದ ಪ್ರೋಟೀನಲ್ಲಿ ಮೂರನೇದನ್ನ ಸುಮಾರಾಗಿ ತರಬಹುದು, ಮೊದಲೆರಡು ಬರಲ್ಲ. ಅದಕ್ಕೇ ವೆಜ್ ಚಿಕನ್ ಅನ್ನೋದು ಎಷ್ಟೋ ವಾಸಿ ಇರತ್ತೆ, ಚಿಕನ್‌ಗೆ ತನ್ನದೇ ವಾಸನೆ ಕಮ್ಮಿ, ವೆಜ್ ಮಟನ್ ಮಾತ್ರ ಬನ್ನೂರು ಕುರಿ ತಿಂದು ಬೆಳೆದೋರ ಹತ್ರ ಪಾಸಾಗೋದು ತುಂಬಾ ಕಷ್ಟ.

ಆದ್ರೆ ನಿಮ್ಮ ಮಗ ತಂದಿರೋದು ಕೈಮಾ, ಅದು ಒಳ್ಳೇ ಆಯ್ಕೆ. ಕೈಮಾದಲ್ಲಿ ಮಾಂಸದ ಎಳೆ ಹೇಗಿದೆ ಅಂತ ಯಾರೂ ನೋಡಲ್ಲ, ಮೂಳೆ ಕೇಳಲ್ಲ, ಅಲ್ಲಿ ರುಚಿಯ ಭಾರ ಹೊರೋದು ಮಸಾಲೆ. ತೆಳ್ಳಗೆ ಸಾರು ಮಾಡ್ಬೇಡಿ, ಕೈಮಾ ಉಂಡೆ ಮಾಡ್ಸಿ. ಹುರಿಗಡಲೆ ಪುಡಿ, ತೆಂಗಿನಕಾಯಿ, ಚಕ್ಕೆ ಲವಂಗ, ಕೊತ್ತಂಬರಿ ಪುದೀನ ಎಲ್ಲಾ ಹಾಕಿ ಉಂಡೆ ಕಟ್ಟಿ, ಮಸಾಲೆ ಸಾರು ಚೆನ್ನಾಗಿ ಕುದ್ದು ಹಸಿ ವಾಸನೆ ಹೋದ್ಮೇಲೆ ಬಿಡಿ. ಹುರಿಗಡಲೆ ಪುಡಿ ಇಲ್ಲಿ ಎರಡು ಕೆಲಸ ಮಾಡತ್ತೆ, ಉಂಡೆನ ಹಿಡಿದಿಡತ್ತೆ, ಸೋಯಾ ವಾಸನೆನೂ ಮುಚ್ಚತ್ತೆ. ಬಿಸಿಬಿಸಿಯಾಗೇ ತಿನ್ನಿ. ಇಂಥ ಪ್ಯಾಕೆಟ್‌ಗಳಲ್ಲಿ ತುಂಬಾ ಕಡೆ ಮೀಥೈಲ್ ಸೆಲ್ಯುಲೋಸ್ ಅಂತ ಒಂದು ಅಂಟು ಹಾಕಿರ್ತಾರೆ, ಅದು ಬಿಸಿ ಇದ್ದಾಗ ಗಟ್ಟಿಯಾಗಿ, ತಣ್ಣಗಾದ್ರೆ ಸಡಿಲ ಆಗೋ ವಸ್ತು, ಅದಕ್ಕೇ ಆರಿದ್ಮೇಲೆ ಬಾಯಲ್ಲಿ ಪೇಸ್ಟ್ ತರ ಅನ್ಸತ್ತೆ.

ಈಗ ಕೊಲೆಸ್ಟ್ರಾಲ್. ಗಿಡದಿಂದ ಬಂದ ಯಾವುದರಲ್ಲೂ ಲೆಕ್ಕಕ್ಕೆ ಸಿಗೋಷ್ಟು ಕೊಲೆಸ್ಟ್ರಾಲ್ ಇರಲ್ಲ, ಹಾಗಂತ ಅದೊಂದೇ ನೋಡಿದ್ರೆ ಸಾಲದು, ರಕ್ತದಲ್ಲಿ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಏರಿಸೋದರಲ್ಲಿ ಮಾಂಸದ ಕೊಬ್ಬು, ತೆಂಗಿನೆಣ್ಣೆ ಇಂಥದ್ರಲ್ಲಿ ಜಾಸ್ತಿ ಇರೋ ಸ್ಯಾಚುರೇಟೆಡ್ ಫ್ಯಾಟ್‌ದೇ ದೊಡ್ಡ ಪಾಲು. 2020ರಲ್ಲಿ ಅಮೆರಿಕಾದ ಸ್ಟ್ಯಾನ್‌ಫೋರ್ಡ್‌ನಲ್ಲಿ 36 ಜನರಿಗೆ 8 ವಾರ ಗಿಡದ ಮಾಂಸ, 8 ವಾರ ನಿಜವಾದ ಮಾಂಸ ಕೊಟ್ಟು ನೋಡಿದ್ರು. ಗಿಡದ್ದು ತಿಂದಾಗ ಎಲ್‌ಡಿಎಲ್ ಸುಮಾರು 10 ಪಾಯಿಂಟ್ (mg/dL) ಕಮ್ಮಿ ಇತ್ತು, ತೂಕನೂ ಸ್ವಲ್ಪ ಇಳಿದಿತ್ತು. ಆ ಅಧ್ಯಯನಕ್ಕೆ ದುಡ್ಡು ಕೊಟ್ಟಿದ್ದು ಗಿಡದ ಮಾಂಸ ಮಾಡಿ ಮಾರೋ ಬಿಯಾಂಡ್ ಮೀಟ್ ಕಂಪನಿನೇ, ಓದೋರಿಗೆ ಇದು ಗೊತ್ತಿರ್ಬೇಕು. ಆಮೇಲೆ 2024ರಲ್ಲಿ ಸಿಂಗಾಪುರದಲ್ಲಿ ಶುಗರ್ ಬರೋ ಅಪಾಯ ಇರೋ ಜನರ ಮೇಲೆ ಅದೇ 8 ವಾರದ ಪ್ರಯೋಗ ಮಾಡಿದಾಗ ಎಲ್‌ಡಿಎಲ್‌ನಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಎರಡೂ ಸಣ್ಣ ಅಧ್ಯಯನಗಳೇ. ನನ್ನ ಅಭಿಪ್ರಾಯ ಏನಂದ್ರೆ, ಯಾವುದರ ಬದಲಿಗೆ ತಿಂತಿದೀರಿ ಅನ್ನೋದರ ಮೇಲೇ ಎಲ್ಲಾ ನಿಂತಿದೆ. ಕೊಬ್ಬಿರೋ ಮಟನ್ ಬಿಟ್ಟು ಇದನ್ನ ತಿಂದ್ರೆ ನಿಮಗೆ ಲಾಭ. ಹುರುಳಿಕಾಳು ಸಾರು, ಅವರೆಕಾಳು ಸಾರು ಬಿಟ್ಟು ಇದನ್ನ ತಿಂದ್ರೆ ನಷ್ಟ. ಡಾಕ್ಟ್ರು ಮಾತ್ರೆ ಕೊಟ್ಟಿದ್ರೆ ಈ ಪ್ಯಾಕೆಟ್ ನಂಬಿ ಅದನ್ನ ಮಾತ್ರ ನಿಲ್ಲಿಸ್ಬೇಡಿ. ಪ್ಯಾಕೆಟ್ ಹಿಂದೆ ಯಾವ ಎಣ್ಣೆ ಅಂತ ನೋಡಿ, ತೆಂಗಿನೆಣ್ಣೆ ಇಲ್ಲಾ ಪಾಮ್ ಎಣ್ಣೆ ಮೊದಲ ಮೂರ್ನಾಲ್ಕು ಹೆಸರಲ್ಲೇ ಇದ್ರೆ ವಾರಕ್ಕೊಂದ್ಸಲಕ್ಕಿಂತ ಜಾಸ್ತಿ ಬೇಡ.

ಪ್ರಶ್ನೆ: ನಾವು ದಾವಣಗೆರೆಯವರು, ಪೂರ್ತಿ ಸಸ್ಯಾಹಾರಿಗಳು. ಮಕ್ಕಳಿಗೆ ಮೀಲ್ ಮೇಕರ್ ಅಂದ್ರೆ ಪ್ರಾಣ. ಇದೂ ಪ್ಲಾಂಟ್ ಬೇಸ್ಡ್ ಮೀಟೂ ಒಂದೇನಾ? ಅತ್ತೆಯವರು ಇದು ಕೆಮಿಕಲ್, ಗಂಡುಮಕ್ಕಳಿಗೆ ಕೊಡಬಾರ್ದು, ಹೆಣ್ಣಿನ ಹಾರ್ಮೋನ್ ಇರತ್ತೆ ಅಂತಾರೆ. ನನಗೆ ಭಯ ಆಗ್ತಿದೆ.

ಉತ್ತರ: ಭಯ ಬೇಡಮ್ಮ. ಮೀಲ್ ಮೇಕರ್ ಅಂದ್ರೆ ಸೋಯಾ ಚಂಕ್ಸೇ. ಸೋಯಾದಲ್ಲಿ ಐಸೊಫ್ಲೇವೋನ್ ಅಂತ ಇರತ್ತೆ, ಅದರ ಆಕಾರ ನಮ್ಮ ಮೈಯಲ್ಲಿರೋ ಈಸ್ಟ್ರೋಜನ್ ಹಾರ್ಮೋನನ್ನ ಹೋಲತ್ತೆ, ಆದ್ರೆ ಕೆಲಸ ತುಂಬಾ ದುರ್ಬಲ. ಗಂಡಸರ ಮೇಲೆ ಮಾಡಿದ 41 ಅಧ್ಯಯನಗಳನ್ನ ಒಟ್ಟು ಸೇರಿಸಿ 2021ರಲ್ಲಿ ನೋಡಿದಾಗ ಸೋಯಾದಿಂದ ಟೆಸ್ಟೋಸ್ಟೆರಾನ್ ಕಮ್ಮಿಯಾಗಿದ್ದೂ ಕಾಣಲಿಲ್ಲ, ಈಸ್ಟ್ರೋಜನ್ ಜಾಸ್ತಿಯಾಗಿದ್ದೂ ಕಾಣಲಿಲ್ಲ. ಎಲ್ಲರೂ ಹೇಳೋ ಆ ಹೆದರಿಕೆ ಕಥೆಗೆ ಒಂದು ಮೂಲ ಇದೆ, 2008ರಲ್ಲಿ ಅಮೆರಿಕಾದ ಡಾಕ್ಟ್ರುಗಳು 60 ವರ್ಷದ ಒಬ್ಬರ ಕೇಸ್ ಬರೆದ್ರು, ಅವರಿಗೆ ಎದೆ ಊದಿಕೊಂಡಿತ್ತು, ವಿಚಾರಿಸಿದ್ರೆ ಅವರು ದಿನಾ ಸುಮಾರು 3 ಲೀಟರ್ ಸೋಯಾ ಹಾಲು ಕುಡೀತಿದ್ರು, ನಿಲ್ಲಿಸಿದ್ಮೇಲೆ ಕಮ್ಮಿ ಆಯ್ತು. ನಿಮ್ಮ ಮಕ್ಕಳು ವಾರಕ್ಕೆರಡು ದಿನ ಪಲಾವ್‌ನಲ್ಲಿ ತಿನ್ನೋ ಒಂದು ಹಿಡಿ ಮೀಲ್ ಮೇಕರ್‌ಗೂ ಅದಕ್ಕೂ ಹೋಲಿಕೆನೇ ಇಲ್ಲ.

ಒಂದೇನಾ ಅಂದ್ರೆ, ಮೀಲ್ ಮೇಕರ್ ಇವಕ್ಕೆಲ್ಲಾ ದೊಡ್ಡಪ್ಪ ಇದ್ದಂಗೆ. ಅಮೆರಿಕಾದ ಎಡಿಎಂ ಕಂಪನಿ 1960ರ ದಶಕದಲ್ಲಿ ಇದನ್ನ ಮಾಡೋ ವಿಧಾನ ಕಂಡುಹಿಡೀತು. ಸೋಯಾ ಕಾಳಿಂದ ಎಣ್ಣೆ ತೆಗೆದ್ಮೇಲೆ ಉಳಿಯೋ ಹಿಟ್ಟನ್ನ ನೀರು ಸೇರಿಸಿ ಎಕ್ಸ್‌ಟ್ರೂಡರ್ ಅನ್ನೋ ಮಷೀನಿಗೆ ಹಾಕ್ತಾರೆ, ಒಳಗೆ ಸ್ಕ್ರೂ ತಿರುಗ್ತಾ ಬಿಸಿ ಮತ್ತೆ ಒತ್ತಡದಲ್ಲಿ ಹಿಟ್ಟು ಬೆಂದು ಎಳೆಎಳೆ ಆಗತ್ತೆ, ತೂತಿಂದ ಆಚೆ ಬಂದ ಕ್ಷಣ ಒಳಗಿರೋ ನೀರು ಆವಿಯಾಗಿ ಹಾರಿ ಅದು ಉಬ್ಬತ್ತೆ. ಹಾಗೆ ಉಬ್ಬಿದಾಗ ಒಳಗೆ ಆಗೋ ಸಣ್ಣಸಣ್ಣ ತೂತುಗಳೇ ಆಮೇಲೆ ನಿಮ್ಮ ಮಸಾಲೆ ಕುಡಿಯೋದು. ಹೊಸ ಕಂಪನಿಗಳು ಹಿಟ್ಟಿನ ಬದಲು ಇನ್ನೂ ಶುದ್ಧ ಮಾಡಿದ ಪ್ರೋಟೀನ್ ತಗೊಂಡು, ಜಾಸ್ತಿ ನೀರಿನಂಶ ಇಟ್ಟು, ಎಣ್ಣೆ ಬಣ್ಣ ಫ್ಲೇವರ್ ಉಪ್ಪು ಎಲ್ಲಾ ಸೇರಿಸ್ತಾರೆ. ಸರಳವಾದದ್ದು, ಕಮ್ಮಿ ಕೊಬ್ಬಿಂದು, ಅಗ್ಗದ್ದು ಯಾವುದು ಅಂದ್ರೆ ನಿಮ್ಮ ಮೀಲ್ ಮೇಕರೇ, ನಾನಂತೂ ಕಣ್ಮುಚ್ಚಿ ಅದನ್ನೇ ಆರಿಸ್ತೀನಿ. ಎಣ್ಣೆ ತೆಗೆದ ಹಿಂಡಿಯಿಂದ ಪ್ರೋಟೀನ್ ತಿನ್ನಿಸೋ ಯೋಚನೆ ನಮ್ಮ ಊರಿಗೂ ಹೊಸದಲ್ಲ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 1950ರಲ್ಲಿ ಶುರುವಾದ ಹೊಸದರಲ್ಲೇ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಡಲೆಬೇಳೆ ಹಿಟ್ಟು ಸೇರಿಸಿ ಪೌಷ್ಟಿಕ ಆಹಾರ ಮಾಡಿದ್ರು, ಆಮೇಲೆ ಕಡಲೆಕಾಯಿ ಪ್ರೋಟೀನನ್ನ ಹಾಲಿಗೆ ಸೇರಿಸಿ ಮಿಲ್ಟೋನ್ ಅಂತಾನೂ ತಂದ್ರು. ಬಡ ಮಕ್ಕಳ ಹೊಟ್ಟೆಗೆ ಪ್ರೋಟೀನ್ ಸೇರ್ಲಿ ಅಂತ ಮಾಡಿದ ಕೆಲಸ ಅದು, ನನಗೆ ಅದರ ಮೇಲೆ ತುಂಬಾ ಗೌರವ.

ಅಡುಗೆ ಬಗ್ಗೆ ಒಂದು ಮಾತು. ಸೋಯಾ ವಾಸನೆ ಬರತ್ತೆ ಅಂತ ತುಂಬಾ ಜನ ಬಿಟ್ಬಿಡ್ತಾರೆ. ಕಾಳಲ್ಲೇ ಇರೋ ಒಂದು ಎನ್‌ಜೈಮ್ ಅದರ ಎಣ್ಣೆನ ಒಡೆದಾಗ ಆ ಹಸಿಹಸಿ ವಾಸನೆ ಹುಟ್ಟಿ ಪ್ರೋಟೀನಿಗೆ ಅಂಟ್ಕೊಂಡಿರತ್ತೆ. ಉಪ್ಪು ಹಾಕಿದ ಕುದಿಯೋ ನೀರಲ್ಲಿ ಐದಾರು ನಿಮಿಷ ಬೇಯ್ಸಿ, ಆ ನೀರು ಚೆಲ್ಲಿ, ತಣ್ಣೀರಲ್ಲಿ ಎರಡ್ಮೂರು ಸಲ ತೊಳೆದು ಗಟ್ಟಿಯಾಗಿ ಹಿಂಡಿ. ಹಿಂಡೋದ್ರಲ್ಲೇ ಅರ್ಧ ರುಚಿ ಇದೆ, ಒಳಗೆ ನೀರು ಉಳಿದ್ರೆ ಮಸಾಲೆಗೆ ಜಾಗ ಇರಲ್ಲ. ಆಮೇಲೆ ಮೊಸರು, ಶುಂಠಿ ಬೆಳ್ಳುಳ್ಳಿ, ಅಚ್ಚಖಾರದಪುಡಿ ಹಚ್ಚಿ ಅರ್ಧ ಗಂಟೆ ಬಿಟ್ಟು, ಬಾಣಲೆಯಲ್ಲಿ ಅಂಚು ಕೆಂಪಗಾಗೋವರ್ಗೂ ಹುರೀರಿ.

ಪ್ರಶ್ನೆ: ಮೇಡಂ, ಬೆಂಗಳೂರು, ಜಿಮ್ ಹೋಗ್ತೀನಿ, ಎಗ್ ಕೂಡ ತಿನ್ನಲ್ಲ. ಸೋಯಾ ಚಂಕ್ಸ್ ಪ್ಯಾಕೆಟಲ್ಲಿ 100 ಗ್ರಾಮ್‌ಗೆ 52 ಗ್ರಾಮ್ ಪ್ರೋಟೀನ್ ಅಂತಿದೆ, ಚಿಕನ್‌ಗಿಂತ ಡಬಲ್. ಹಂಗಾದ್ರೆ ಚಿಕನ್ ಯಾಕೆ ಬೇಕು?

ಉತ್ತರ: ಆ 52 ಗ್ರಾಮ್ ಒಣಗಿರೋ ಚಂಕ್ಸ್‌ಗೆ. ನೆನೆಸಿದ್ರೆ ತೂಕ ಸುಮಾರು ಮೂರು ಪಟ್ಟು ಆಗತ್ತೆ, ಅಂದ್ರೆ ತಟ್ಟೆಯಲ್ಲಿರೋ 100 ಗ್ರಾಮ್ ಬೆಂದ ಚಂಕ್ಸ್‌ನಲ್ಲಿ 17 ಗ್ರಾಮ್ ಹತ್ರ ಪ್ರೋಟೀನ್. ಬೇಯಿಸಿದ ಚಿಕನ್ ಬ್ರೆಸ್ಟ್‌ನಲ್ಲಿ 30ರ ಆಸುಪಾಸು ಇರತ್ತೆ. ಆದ್ರೂ ಒಣ ಚಂಕ್ಸ್ 50 ಗ್ರಾಮ್ ತಗೊಂಡ್ರೆ 26 ಗ್ರಾಮ್ ಸಿಕ್ತು, ಅದೂ ಕೊಬ್ಬು ಹೆಚ್ಚುಕಮ್ಮಿ ಇಲ್ಲದೆ, ನಾರಿನ ಜೊತೆಗೆ, ಒಬ್ಬರಿಗೆ ಒಂದು ಹೊತ್ತಿಗೆ ಧಾರಾಳ ಆಯ್ತು. ಗುಣಮಟ್ಟದಲ್ಲೂ ಸೋಯಾ ಪ್ರೋಟೀನ್ ಮಾಂಸದ ಹತ್ರಾನೇ ನಿಲ್ಲತ್ತೆ, ಬಟಾಣಿ ಪ್ರೋಟೀನ್ ಸ್ವಲ್ಪ ಕೆಳಗೆ, ಗೋಧಿ ಗ್ಲುಟನ್‌ನಿಂದ ಮಾಡಿದ ಸೈತಾನ್ ತುಂಬಾನೇ ಕೆಳಗೆ, ಅದರಲ್ಲಿ ಲೈಸಿನ್ ಅನ್ನೋ ಅಮೈನೋ ಆಸಿಡ್ ಕಮ್ಮಿ. ಸೈತಾನ್ ಬಾಯಿಗೆ ಥೇಟ್ ಮಾಂಸದ ಹಾಗೇ ಇರತ್ತೆ, ಅದನ್ನ ತಿನ್ನೋ ದಿನ ಜೊತೆಗೆ ಬೇಳೆನೂ ಇರ್ಲಿ.

ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಇರೋದು ಪ್ರೋಟೀನ್ ಅಲ್ಲ, ಬಿ12. ಅದು ಗಿಡದಲ್ಲಿ ಇಲ್ಲ, ಕಂಪನಿಯವರು ಬೇರೆಯಾಗಿ ಸೇರಿಸಿದ್ರೆ ಮಾತ್ರ ಈ ಪ್ಯಾಕೆಟ್‌ಗಳಲ್ಲಿ ಇರತ್ತೆ, ಸಾದಾ ಚಂಕ್ಸ್‌ನಲ್ಲಿ ಸಾಮಾನ್ಯವಾಗಿ ಸೇರಿಸಿರಲ್ಲ. ಕೈಕಾಲು ಜುಮ್ಮನ್ನೋದು, ಸುಸ್ತು, ಮರೆವು ಏನಾದ್ರೂ ಇದ್ರೆ ತಡ ಮಾಡ್ಬೇಡಿ, ಏನೂ ಇಲ್ದಿದ್ರೂ ಒಂದ್ಸಲ ಬ್ಲಡ್ ಟೆಸ್ಟ್ ಮಾಡಿಸಿ. ಕಬ್ಬಿಣದ ಅಂಶಾನೂ ಗಿಡದಿಂದ ಬಂದಿದ್ದು ಮೈಗೆ ಹತ್ತೋದು ಕಮ್ಮಿ, ಚಂಕ್ಸ್ ಮೇಲೆ ನಿಂಬೆಹಣ್ಣು ಹಿಂಡ್ಕೊಳ್ಳಿ, ಊಟ ಆದ ತಕ್ಷಣ ಕಾಫಿ ಟೀ ಬೇಡ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದೀವಿ, ಬೀಫ್ ಯಾವತ್ತೂ ತಿಂದಿಲ್ಲ. ಆಫೀಸಲ್ಲಿ ಇಂಪಾಸಿಬಲ್ ಅನ್ನೋ ಕಂಪನಿಯ ಪ್ಲಾಂಟ್ ಬೇಸ್ಡ್ ಬರ್ಗರ್ ಕೊಟ್ರು, ಕಚ್ಚಿದ್ರೆ ಒಳಗೆ ಕೆಂಪಗೆ ರಸ. ಅದು ನಿಜವಾಗ್ಲೂ ವೆಜ್ಜಾ? ಮಗಳು ಈಗ ವಾರಕ್ಕೆ ನಾಲ್ಕು ಸಲ ತಿಂತಾಳೆ.

ಉತ್ತರ: ಹೌದು, ಪ್ರಾಣಿಯಿಂದ ಬಂದಿದ್ದು ಅದರಲ್ಲಿ ಇಲ್ಲ. ಸೋಯಾ ಗಿಡದ ಬೇರಿನ ಗಂಟುಗಳಲ್ಲಿ ಲೆಗ್‌ಹೀಮೋಗ್ಲೋಬಿನ್ ಅಂತ ಒಂದು ಪ್ರೋಟೀನ್ ಇರತ್ತೆ, ನಮ್ಮ ರಕ್ತದ ಹೀಮೋಗ್ಲೋಬಿನ್ ಥರಾನೇ ಅದರಲ್ಲೂ ಕಬ್ಬಿಣ ಹಿಡಿದಿರೋ ಹೀಮ್ ಇದೆ. ಸ್ಟ್ಯಾನ್‌ಫೋರ್ಡ್‌ನ ಬಯೋಕೆಮಿಸ್ಟ್ ಪ್ಯಾಟ್ರಿಕ್ ಬ್ರೌನ್ 2011ರಲ್ಲಿ ಕಟ್ಟಿದ ಕಂಪನಿ ಇದು, ಅವರು ಆ ಪ್ರೋಟೀನಿನ ಜೀನನ್ನ ಯೀಸ್ಟ್‌ಗೆ ಹಾಕಿ ಟ್ಯಾಂಕಲ್ಲಿ ಬೆಳೆಸ್ತಾರೆ. ಬಣ್ಣ ಮಾತ್ರ ಅಲ್ಲ, ಬಿಸಿ ಮಾಡಿದಾಗ ಮಾಂಸದ ಘಮ ಹುಟ್ಟೋಕೂ ಆ ಹೀಮೇ ಕಾರಣ. ಬಿಯಾಂಡ್ ಬರ್ಗರ್‌ನಲ್ಲಿ ಇದು ಇಲ್ಲ, ಅದರ ಕೆಂಪು ಬೀಟ್‌ರೂಟಿಂದು, ಪ್ರೋಟೀನ್ ಬಟಾಣಿಯದು. ಜೀನ್ ಬದಲಾಯಿಸಿದ ಯೀಸ್ಟ್ ಬೇಡ ಅನ್ನೋರಿಗೆ ಅದು ಸರಿ ಹೋಗತ್ತೆ.

ವಾರಕ್ಕೆ ನಾಲ್ಕು ಸಲ ಅಂದಿದ್ದು ನನಗೆ ಹಿಡಿಸಲಿಲ್ಲ. ಒಂದು ಪ್ಯಾಟಿಯಲ್ಲಿ 370 ಮಿಲಿಗ್ರಾಮ್ ಹತ್ರ ಸೋಡಿಯಂ ಇರತ್ತೆ, ಬನ್, ಚೀಸ್, ಸಾಸ್ ಸೇರಿದ್ರೆ ಅದು ಎಲ್ಲಿಗೋ ಹೋಗತ್ತೆ, ದಿನಕ್ಕೆ 2,000 ಮಿಲಿಗ್ರಾಮ್ ಒಳಗೆ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ತೆಂಗಿನೆಣ್ಣೆ ಹಾಕಿರೋದ್ರಿಂದ ಸ್ಯಾಚುರೇಟೆಡ್ ಫ್ಯಾಟ್ ಕೂಡ ಒಂದು ಪ್ಯಾಟಿಗೆ 5ರಿಂದ 8 ಗ್ರಾಮ್ ಇರ್ತಿತ್ತು, ಈಚೆಗೆ ಕೆಲವರು ಎಣ್ಣೆ ಬದಲಾಯಿಸಿ ಕಮ್ಮಿ ಮಾಡಿದಾರೆ, ಲೇಬಲ್ ನೋಡ್ಕೊಳ್ಳಿ. ಬೀಫ್ ಬರ್ಗರ್ ತಿನ್ನೋ ಅಮೆರಿಕನ್ನರಿಗೆ ಇದು ಒಳ್ಳೇ ಬದಲಾವಣೆ, ಅವರಿಗೋಸ್ಕರಾನೇ ಮಾಡಿರೋದೂ ಹೌದು. ನಿಮ್ಮ ಮಗಳು ಬಿಟ್ಟಿರೋದು ಬೀಫ್ ಅಲ್ಲ, ಮನೆಯ ರಾಜ್ಮಾ, ಹೆಸರುಕಾಳು, ಹುಳಿ ಅನ್ನ. ಹಾಗಾಗಿ ಅವಳಿಗೆ ಇದು ಮುಂದಕ್ಕೆ ಹೋದ ಹಾಗೆ ಅಲ್ಲ. ತಿಂಗಳಿಗೆ ಒಂದೆರಡು ಸಲ ಫ್ರೆಂಡ್ಸ್ ಜೊತೆ ತಿನ್ಲಿ, ಬಯ್ಯೋಕೆ ಹೋಗ್ಬೇಡಿ, ಆದ್ರೆ ಮನೆ ಫ್ರೀಜರಲ್ಲಿ ತುಂಬಿಡ್ಬೇಡಿ.

ಪ್ರಶ್ನೆ: ಪುತ್ತೂರಿಂದ. ಗುಜ್ಜೆನ (ಎಳೆ ಹಲಸಿನಕಾಯಿ) ಈಗ ಫಾರಿನ್‌ನವರು ವೆಜ್ ಮಾಂಸ ಅಂತ ತಿಂತಾರಂತೆ. ನಾವು ಪಲ್ಯ ಮಾಡೋ ಗುಜ್ಜೆಯಲ್ಲಿ ಅಷ್ಟು ಪ್ರೋಟೀನ್ ಇದೆಯಾ?

ಉತ್ತರ: ಇಲ್ಲ. 100 ಗ್ರಾಮ್‌ಗೆ 2 ಗ್ರಾಮ್ ಆಸುಪಾಸು, ಅಷ್ಟೇ. ಎಳೆ ಬಿಡಿಸ್ಕೊಂಡು ಬರೋದ್ರಿಂದ ಬಾಯಿಗೆ ಮಾಂಸದ ಥರ ಅನ್ಸತ್ತೆ, ಘೀ ರೋಸ್ಟ್ ಮಸಾಲೆಗೆ, ಬಿರಿಯಾನಿಗೆ ಅದ್ಭುತವಾಗಿ ಹೊಂದತ್ತೆ, ನನ್ನ ಪ್ರಕಾರ ರುಚಿಯಲ್ಲಿ ಯಾವ ಫ್ರೋಜನ್ ಪ್ಯಾಕೆಟ್ಟೂ ಗುಜ್ಜೆ ಹತ್ರ ಸುಳಿಯಲ್ಲ. ನಾರು ಚೆನ್ನಾಗಿದೆ, ಕೊಬ್ಬಿಲ್ಲ. ಕಡಲೆಕಾಳು ಹಾಕಿ ಸುಕ್ಕ ಮಾಡ್ತೀರಲ್ಲ, ಅದನ್ನೇ ಮುಂದುವರಿಸಿ, ಪ್ರೋಟೀನ್ ಆ ಕಡಲೆಯಿಂದ ಬರತ್ತೆ. ಅಣಬೆಗೂ ಇದೇ ಮಾತು, ರುಚಿ ಮಾಂಸದ ಹತ್ರ, ಪ್ರೋಟೀನ್ 3 ಗ್ರಾಮ್.

ಪ್ರಶ್ನೆ: ನನಗೆ ಥೈರಾಯ್ಡ್ ಇದೆ, ಬೆಳಿಗ್ಗೆ ಮಾತ್ರೆ ತಗೋತೀನಿ. ಸೋಯಾ ಮುಟ್ಟಲೇಬಾರ್ದಾ? (ತುಮಕೂರು)

ಉತ್ತರ: ಮುಟ್ಟಬಹುದು. ಸೋಯಾ ಆ ಮಾತ್ರೆ ಹೊಟ್ಟೆಯಲ್ಲಿ ಹೀರ್ಕೊಳ್ಳೋದನ್ನ ಕಮ್ಮಿ ಮಾಡತ್ತೆ, ಅದೇ ತೊಂದರೆ. ಮಾತ್ರೆ ಖಾಲಿ ಹೊಟ್ಟೆಗೆ ತಗೊಂಡು ನಾಲ್ಕು ಗಂಟೆ ಬಿಟ್ಟು ಸೋಯಾ ತಿನ್ನಿ, ಅಂದ್ರೆ ತಿಂಡಿಗೆ ಬೇಡ, ಮಧ್ಯಾಹ್ನ ಇಲ್ಲಾ ರಾತ್ರಿ ಊಟಕ್ಕಿರ್ಲಿ. ಉಪ್ಪು ಅಯೋಡಿನ್ ಇರೋದೇ ಬಳಸಿ. ಹೊಸದಾಗಿ ದಿನಾ ಸೋಯಾ ತಿನ್ನೋಕೆ ಶುರು ಮಾಡಿದ್ರೆ ಡಾಕ್ಟ್ರಿಗೆ ಹೇಳಿ, ಆರೆಂಟು ವಾರ ಆದ್ಮೇಲೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ ಒಂದ್ಸಲ ಮಾಡಿಸ್ಕೊಳ್ಳಿ, ಡೋಸ್ ಬದಲಾಯಿಸ್ಬೇಕಾ ಅನ್ನೋದನ್ನ ಅವರೇ ಹೇಳ್ತಾರೆ.