ಸುಂಯ್‌ಗುಡದ ಅಸ್ತಮಾ, ತೇವ ಹಿಡಿದ ಕ್ಯಾಪ್ಸೂಲ್

ಆರಿದ್ರಾ ಮಳೆ ಹಿಡಿದದ್ದೇ ತಡ, ಮಲೆನಾಡಿನ ಕಡೆಯಿಂದ ಬರುವ ಪತ್ರಗಳಲ್ಲಿ ಕೆಮ್ಮು–ದಮ್ಮಿನದೇ ದೊಡ್ಡ ಪಾಲು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಈ ಸಂಚಿಕೆಯಲ್ಲಿ ಐದಕ್ಕೆ ಉತ್ತರಿಸಿದ್ದೇವೆ.

ಪ್ರಶ್ನೆ: ನನಗೆ 38 ವರ್ಷ. ಮಳೆಗಾಲದಲ್ಲಿ ರಾತ್ರಿ ಮೂರರ ಹೊತ್ತಿಗೆ ಒಣಕೆಮ್ಮು ಎಬ್ಬಿಸಿ ಕೂರಿಸುತ್ತದೆ. ಹಗಲು ಆರಾಮ. ಸುಂಯ್ ಸದ್ದಿಲ್ಲ, ದಮ್ಮಿಲ್ಲ, ಎಕ್ಸ್‌ರೇ ಸರಿಯಿದೆ. ಸಿರಪ್, ಆಂಟಿಬಯೋಟಿಕ್ ಎಲ್ಲ ಮುಗಿಯಿತು. ಈಗ ಅಸ್ತಮಾ ಎನ್ನುತ್ತಾರೆ. ಸದ್ದೇ ಇಲ್ಲದೆ ಅಸ್ತಮಾ ಇರುತ್ತದೆಯೇ?
— ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ಇರುತ್ತದೆ. ಶ್ವಾಸನಾಳದ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದುಕೊಳ್ಳುವುದೇ ಅಸ್ತಮಾ. ನಾಳ ಸಾಕಷ್ಟು ಕಿರಿದಾದರೆ ಮಾತ್ರ ಗಾಳಿ ಸುಂಯ್‌ಗುಡುತ್ತದೆ. ಅದಕ್ಕೂ ಮೊದಲೇ ಕೆರಳಿದ ನಾಳ ಕೆಮ್ಮಿಸಬಲ್ಲದು. ಕೆಲವರಿಗೆ ಎದೆ ಬಿಗಿತವಷ್ಟೇ ಇರುತ್ತದೆ. ಕೆಲವರಿಗೆ ಗುಡ್ಡ ಹತ್ತಿ ನಿಂತಮೇಲೆ ದಮ್ಮು ಬರುತ್ತದೆ. ಇನ್ನು ಕೆಲವರಿಗೆ ನೆಗಡಿ ಬಂದಾಗಲೆಲ್ಲ ಎದೆಗಿಳಿದು ಹತ್ತು ಹದಿನೈದು ದಿನ ಬಿಡುವುದೇ ಇಲ್ಲ. ಇವೆಲ್ಲಕ್ಕೂ ಸಮಾನವಾದ ಗುರುತು ಏರಿಳಿತ: ಬೆಳಗಿನ ಜಾವ ಜೋರು, ಹಗಲು ಕಮ್ಮಿ, ಒಗ್ಗರಣೆ ಘಾಟು, ಊದಿನಕಡ್ಡಿ, ತಣ್ಣನೆ ಗಾಳಿ, ಜೋರು ನಗು ತಾಗಿದರೆ ಶುರು. ನಿಮ್ಮ ಪತ್ರದಲ್ಲಿ ಈ ಏರಿಳಿತ ಕಾಣುತ್ತದೆ.

ಎಕ್ಸ್‌ರೇ ಸರಿಯಿದೆ ಎಂದರೆ ಅಸ್ತಮಾ ಇಲ್ಲ ಎಂದಲ್ಲ. ಗಾಳಿ ಎಷ್ಟು ವೇಗದಲ್ಲಿ ಹೊರಬರುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ಊದಿಸುವ ಪರೀಕ್ಷೆ, ಸ್ಪೈರೋಮೆಟ್ರಿ. ಒಮ್ಮೆ ಊದಿಸಿ, ನಾಳ ಸಡಿಲಿಸುವ ಔಷಧ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 12ಕ್ಕಿಂತ ಹೆಚ್ಚು ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ಅಸ್ತಮಾಕ್ಕೆ ಬಲವಾದ ಸಾಕ್ಷಿ. 2 ಲೀಟರ್ ಇದ್ದದ್ದು 2.3 ಆದರೆ ಎರಡೂ ಲೆಕ್ಕ ಕೂಡುತ್ತದೆ.

ತೊಡಕು ಎಲ್ಲಿ ಎಂದರೆ, ನಿಮ್ಮಂಥವರು ಆಸ್ಪತ್ರೆಗೆ ಹೋಗುವುದು ಹಗಲು, ಆರಾಮಾಗಿರುವಾಗ. ಆಗ ಫಲಿತಾಂಶ ಸರಿಯಾಗಿಯೇ ಬರಬಹುದು. ಹಾಗಾಗಿ ಊದಿದ ಗಾಳಿಯ ರಭಸ ಅಳೆಯುವ ಒಂದು ಪೀಕ್ ಫ್ಲೋ ಮೀಟರ್ ಕೊಳ್ಳಿ. ನಿಂತುಕೊಂಡು ಮುಳ್ಳನ್ನು ಕೆಳಕ್ಕಿಳಿಸಿ, ಎದೆ ತುಂಬ ಉಸಿರೆಳೆದು, ತುಟಿ ಬಿಗಿಮಾಡಿ ಒಂದೇ ರಭಸಕ್ಕೆ ಊದಿ. ಮೂರು ಸಲ ಊದಿ ದೊಡ್ಡ ಸಂಖ್ಯೆ ಬರೆದಿಡಿ. ಬೆಳಿಗ್ಗೆ ಎದ್ದಕೂಡಲೇ ಮತ್ತು ಸಂಜೆ, ಎರಡು ವಾರ. ಬೆಳಿಗ್ಗೆ 300, ಸಂಜೆ 360 ಬಂದರೆ ವ್ಯತ್ಯಾಸ 60, ಸರಾಸರಿ 330, ಅಂದರೆ ಏರಿಳಿತ ಶೇ 18. ಎರಡು ವಾರದ ಸರಾಸರಿ ವಯಸ್ಕರಲ್ಲಿ ಶೇ 10 ದಾಟಿದರೆ ಆ ಚೀಟಿಯೇ ವೈದ್ಯರಿಗೆ ಒಳ್ಳೆಯ ಆಧಾರ. ಇದೆಲ್ಲ ಔಷಧ ಶುರುಮಾಡುವ ಮೊದಲೇ ಆದರೆ ಚೆಂದ. ಸ್ಟೀರಾಯ್ಡ್ ಇನ್‌ಹೇಲರ್ ಹಿಡಿದಮೇಲೆ ಏರಿಳಿತ ಅಡಗಿಬಿಡುತ್ತದೆ.

ಅಸ್ತಮಾ ಎಂದು ಒಪ್ಪುವ ಮೊದಲು ಇನ್ನೂ ಎರಡು ನೋಡಿ. ಬಿಪಿಗೆ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ನುಂಗುತ್ತಿದ್ದರೆ ಆ ಮಾತ್ರೆಯೇ ಒಣಕೆಮ್ಮು ತರಬಹುದು. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕ್ಷಯ (ಟಿಬಿ) ಅಲ್ಲವೆಂದು ತಿಳಿಯಲು ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಇನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ. ಗೋಡೆಯ ಬೂಸ್ಟು, ದಿಂಬಿನೊಳಗಿನ ಧೂಳುಹುಳ ಎರಡಕ್ಕೂ ಆ ತೇವವೇ ಬೇಕು.

ಪ್ರಶ್ನೆ: ರೋಟಾಹೇಲರ್‌ನಲ್ಲಿ ಪುಡಿ ಔಷಧದ ಕ್ಯಾಪ್ಸೂಲ್ ಹಾಕಿ ಬಾಯಿಂದ ಒಳಗೆಳೆಯುತ್ತೇನೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈ ಬಂದಮೇಲೆ ಔಷಧವೇ ಕೆಲಸ ಮಾಡುತ್ತಿಲ್ಲ. ಡೋಸ್ ಏರಿಸಬೇಕೇ?
— ಕಾಲೇಜು ವಿದ್ಯಾರ್ಥಿ, ಸಾಗರ

ಉತ್ತರ: ಏರಿಸುವ ಮೊದಲು ಎಳೆದಮೇಲೆ ರೋಟಾಹೇಲರ್ ಬಿಚ್ಚಿ ನೋಡಿ. ಒಡೆದ ಕ್ಯಾಪ್ಸೂಲಿನೊಳಗೆ ಪುಡಿ ಹರಳುಗಟ್ಟಿ ಅಂಟಿದ್ದರೆ ಕಳ್ಳ ಸಿಕ್ಕಿದಂತೆ. ಔಷಧವನ್ನು ಲ್ಯಾಕ್ಟೋಸ್ ಪುಡಿಯೊಂದಿಗೆ ಬೆರೆಸಿರುತ್ತಾರೆ. ತೇವ ತಾಗಿದರೆ ಅದು ಮುದ್ದೆಯಾಗುತ್ತದೆ. ಕೆಳಗಿನ ನಾಳಗಳಿಗೆ ಇಳಿಯಲು ಕಣಗಳು ಸುಮಾರು 1ರಿಂದ 5 ಮೈಕ್ರಾನ್ ಇರಬೇಕು. ಮುದ್ದೆಯಾದದ್ದು ಗಂಟಲಲ್ಲೇ ನಿಲ್ಲುತ್ತದೆ. ಕ್ಯಾಪ್ಸೂಲನ್ನು ಅದರ ಡಬ್ಬಿಯಿಂದ ಎಳೆಯುವ ಹೊತ್ತಿಗೆ ಮಾತ್ರ ತೆಗೆಯಿರಿ. ವಾರಕ್ಕೆ ಬೇಕಾದಷ್ಟನ್ನು ಜೇಬಿಗೆ ಸುರಿದುಕೊಳ್ಳಬೇಡಿ. ಫ್ರಿಜ್ ಬೇಡ, ಬಚ್ಚಲ ಕಪಾಟೂ ಬೇಡ. ತೊಳೆದ ರೋಟಾಹೇಲರ್ ಸಾಗರದ ಮಳೆಯಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ, ಎರಡು ಇಟ್ಟುಕೊಂಡು ಸರದಿಯಲ್ಲಿ ಬಳಸಿ.

ಎಳೆಯುವ ಕ್ರಮದಲ್ಲೂ ತಪ್ಪಾಗುತ್ತದೆ. ಕ್ಯಾಪ್ಸೂಲಿನ ಪಾರದರ್ಶಕ ತುದಿ ಮೊದಲು ಹೋಗುವಂತೆ ಚೌಕ ತೂತಿಗೆ ಪೂರ್ತಿ ಒತ್ತಿ, ಬುಡ ತಿರುಗಿಸಿ ಒಡೆಯಿರಿ. ಉಸಿರನ್ನು ಹೊರಗೆ ಬಿಡಿ, ರೋಟಾಹೇಲರ್ ಒಳಕ್ಕಲ್ಲ; ಬಾಯಿಯ ಹಬೆಯೂ ತೇವವೇ. ಆಮೇಲೆ ತುಟಿ ಬಿಗಿದು ರಭಸವಾಗಿ, ಆಳವಾಗಿ ಎಳೆದು 10 ಸೆಕೆಂಡ್ ಹಿಡಿಯಿರಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಒತ್ತಿದರೆ ಔಷಧ ಚಿಮ್ಮುವ ಪಂಪಿನದು ಇದಕ್ಕೆ ಪೂರಾ ಉಲ್ಟಾ: ಕುಲುಕಿ, ಒತ್ತುತ್ತಲೇ ನಾಲ್ಕೈದು ಸೆಕೆಂಡ್ ನಿಧಾನ ಎಳೆಯಬೇಕು. ಇದರ ರೀತಿ ಅದಕ್ಕೆ, ಅದರ ರೀತಿ ಇದಕ್ಕೆ ಮಾಡುವವರೇ ಜಾಸ್ತಿ. ಸ್ಟೀರಾಯ್ಡ್ ಇರುವ ಔಷಧವಾದರೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣೇಳುತ್ತದೆ.

ಇಷ್ಟೆಲ್ಲ ಸರಿಮಾಡಿ ಎರಡು ವಾರದಲ್ಲೂ ಫರಕು ಕಾಣದಿದ್ದರೆ ಡೋಸಿನ ಮಾತಿಗೆ ವೈದ್ಯರ ಹತ್ತಿರ ಹೋಗಿ. ದಮ್ಮು ಹೆಚ್ಚುತ್ತಿದ್ದರೆ ಎರಡು ವಾರ ಕಾಯುವುದು ಬೇಡ. ಮಳೆಗಾಲದ ಮಟ್ಟಿಗೆ ಪಂಪ್ ಮತ್ತು ಅದಕ್ಕೆ ಸಿಕ್ಕಿಸುವ ಟೊಳ್ಳು ಡಬ್ಬಿ ಸ್ಪೇಸರ್‌ಗೆ ಬದಲಾಯಿಸಬಹುದೇ ಎಂದೂ ಕೇಳಿ.

ಪ್ರಶ್ನೆ: ಅಡಿಕೆ ಸುಲಿತ ಶುರುವಾದರೆ ಎದೆ ಬಿಗಿಯುತ್ತದೆ. ಎರಡು ದಿನ ನೆಂಟರ ಮನೆಗೆ ಹೋದರೆ ಸರಿ. ಮೈಕೈ ನೋವಿಗೆ ಮಾತ್ರೆ ನುಂಗಿದ ದಿನ ಇನ್ನೂ ಜೋರು. ಇದು ಅಲರ್ಜಿಯೋ, ಅಸ್ತಮಾವೋ?
— ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸುಳಿವಿವೆ. ಕೆಲಸ ಬಿಟ್ಟರೆ ಇಳಿದು, ಹಿಡಿದರೆ ಏರುವ ಬಿಗಿತ ಕೆಲಸಕ್ಕೆ ಅಂಟಿದ ಅಸ್ತಮಾ ಇರಬಹುದು. ಪೀಕ್ ಫ್ಲೋವನ್ನು ದಿನಕ್ಕೆ ನಾಲ್ಕು ಸಲ, ಸುಲಿತವಿರುವ ಎರಡು ವಾರ ಮತ್ತು ಬಿಡುವಿನ ಎರಡು ವಾರ ಬರೆದರೆ ಸ್ಪಷ್ಟವಾಗುತ್ತದೆ. ಹಸಿ ಅಡಿಕೆಗಿಂತ ಒಣಗಿದ ಚಾಲಿ ಸುಲಿಯುವಾಗ ಧೂಳು ಹೆಚ್ಚು. ಯಂತ್ರವನ್ನು ಜಗಲಿಯಿಂದ ಅಂಗಳಕ್ಕೆ ತನ್ನಿ, ಗಾಳಿ ಬೆನ್ನಿಗಿರಲಿ. ಮೂಗಿಗೆ ಟವೆಲ್ ಸುತ್ತಿದರೆ ಸಣ್ಣ ಧೂಳು ನಿಲ್ಲದು. ಮೂಗಿನ ಮೇಲೆ ಒತ್ತಿ ಕೂರುವ ಎನ್95 ಮಾಸ್ಕ್ ಬೇಕು. ಆ ಬಟ್ಟೆಯಲ್ಲೇ ಮಲಗುವ ಕೋಣೆಗೆ ಬರಬೇಡಿ. ಪಂಪ್ ಹೊಡೆದುಕೊಂಡು ಅದೇ ಧೂಳಲ್ಲಿ ಹಂಗಾಮು ದೂಡುವುದು ಮಾತ್ರ ಬೇಡ: ವರ್ಷಗಟ್ಟಲೆ ಹಾಗೆ ಮಾಡಿದರೆ ಕೆಲಸ ಬಿಟ್ಟಮೇಲೂ ಕಾಯಿಲೆ ಉಳಿಯಬಹುದು.

ಎರಡನೆಯದು ನೋವಿನ ಮಾತ್ರೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೆಲವು ಅಸ್ತಮಾದವರಿಗೆ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಮೂಗು ಕಟ್ಟಿಸಿ ದಮ್ಮು ತರುತ್ತವೆ, ಮೂಗಿನಲ್ಲಿ ದುರ್ಮಾಂಸ ಇರುವವರಿಗೆ ಹೆಚ್ಚು. ಅವನ್ನು ಇಂದೇ ನಿಲ್ಲಿಸಿ. ಅಂಥವರಲ್ಲಿ ಹೆಚ್ಚಿನವರಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಯಾವ ಮಾತ್ರೆಗೆ ಹೀಗಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಮೆಡಿಕಲ್ ಶಾಪಿನವರು ಕೇಳುವುದಿಲ್ಲ.

ಪ್ರಶ್ನೆ: ಪಂಪ್ ಹಿಡಿದರೆ ಅಭ್ಯಾಸವಾಗಿಬಿಡುತ್ತದಂತೆ. ಮಾತ್ರೆಯಲ್ಲೇ ಸಾಗಿಸಬಹುದೇ? ಮೃಗಶಿರ ಮಳೆಗೆ ಹೈದರಾಬಾದಿನ ಮೀನಿನ ಔಷಧ ತರಿಸೋಣವೇ?
— ಶಿಕ್ಷಕಿ, ಭದ್ರಾವತಿ

ಉತ್ತರ: ಅಭ್ಯಾಸವಾಗುವುದಿಲ್ಲ. ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅದರ ಮಾತ್ರೆ 4 ಮಿಲಿಗ್ರಾಂ, ಅಂದರೆ 40 ಪಟ್ಟು. ಕೈ ನಡುಕ, ಎದೆ ಡವಡವ ಮಾತ್ರೆಗೇ ಜಾಸ್ತಿ. ಭಯಪಡಬೇಕಾದದ್ದು ಬೇರೆ: ತಕ್ಷಣ ಆರಾಮ ಕೊಡುವ ಪಂಪೊಂದನ್ನೇ ನೆಚ್ಚಿಕೊಳ್ಳುವುದು. ಅದು ಸ್ನಾಯು ಸಡಿಲಿಸುತ್ತದೆ, ಊತ ಹಾಗೇ ಉಳಿಯುತ್ತದೆ. ಅಂತರರಾಷ್ಟ್ರೀಯ ಮಾರ್ಗಸೂಚಿ ‘ಜಿನಾ’ 2019ರಲ್ಲೇ ಸಾಲ್ಬುಟಮಾಲ್ ಒಂದರಲ್ಲೇ ಚಿಕಿತ್ಸೆ ಬೇಡವೆಂದಿದೆ. ಊತ ಇಳಿಸುವ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಜೊತೆಗಿರಬೇಕು. ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಆರಾಮದ ಪಂಪ್ ಬೇಕಾದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದೇ ತಿಳಿಯಿರಿ. ಅಂಗಡಿಯಿಂದ ತಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ದಿನವೂ ನುಂಗುತ್ತಿದ್ದವರು ದಿಢೀರನೆ ಬಿಡುವಂತೆಯೂ ಇಲ್ಲ. ಜೀವಂತ ಮೀನಿನ ಬಾಯಿಗಿಟ್ಟು ನುಂಗಿಸುವ ಆ ಔಷಧಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ಇನ್‌ಹೇಲರ್ ಬಿಟ್ಟರೆ ಊತ ಮರುಕಳಿಸುತ್ತದೆ.

ಪ್ರಶ್ನೆ: ನಮ್ಮ ಮನೆ ಆಗುಂಬೆ ಕಡೆ, ಆಸ್ಪತ್ರೆ 30 ಕಿ.ಮೀ. ಅಪ್ಪನಿಗೆ ಅಸ್ತಮಾ, 67 ವರ್ಷ. ರಾತ್ರಿ ದಮ್ಮು ಕಟ್ಟಿದರೆ ಏನು ಮಾಡುವುದು?
— ಓದುಗ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಒಂದು ಮಾತು. ಈ ವಯಸ್ಸಿನಲ್ಲಿ ಮಲಗಿದರೆ ದಮ್ಮು, ಎದ್ದು ಕೂತರೆ ಹಗುರ, ಕಾಲು ಬಾವು ಇದ್ದರೆ ಅದು ಹೃದಯದ್ದಿರಬಹುದು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಆಗದಿದ್ದರೆ ಮಾಡಿಸಿ.

ದಮ್ಮು ಬಂದಾಗ ಕೂರಿಸಿ, ಸ್ವಲ್ಪ ಮುಂದೆ ಬಾಗಿರಲಿ. ಸಾಲ್ಬುಟಮಾಲ್ ಪಂಪನ್ನು ಸ್ಪೇಸರ್‌ಗೆ ಸಿಕ್ಕಿಸಿ ಒಂದು ಒತ್ತು, ನಾಲ್ಕಾರು ಉಸಿರು. ಹೀಗೆ ನಾಲ್ಕು ಒತ್ತು. ಸ್ಪೇಸರ್ ಇಲ್ಲದಿದ್ದರೆ 500 ಮಿಲಿಲೀಟರ್ ನೀರಿನ ಬಾಟಲಿಯ ತಳಕ್ಕೆ ಪಂಪಿನ ಮೂತಿ ಬಿಗಿಯಾಗಿ ಕೂರುವಷ್ಟು ತೂತು ಕೊರೆಯಿರಿ, ಸಂದಿಗೆ ಟೇಪ್ ಸುತ್ತಿ. ಬಾಟಲಿಯ ಬಾಯಿಂದ ಎಳೆಯುವುದು. ಇದನ್ನು ಹಗಲೇ ಮಾಡಿ, ಸೋಪು ನೀರಲ್ಲಿ ಅದ್ದಿ, ಒರೆಸದೆ ಒಣಗಿಸಿಡಿ. ಒರೆಸಿದರೆ ಔಷಧ ಪ್ಲಾಸ್ಟಿಕ್ಕಿಗೇ ಅಂಟುತ್ತದೆ.

20 ನಿಮಿಷದಲ್ಲಿ ಹಗುರಾಗದಿದ್ದರೆ ಮತ್ತೆ ನಾಲ್ಕು ಒತ್ತು, ಜೊತೆಗೇ ಗಾಡಿ ಹೊರಡಿಸಿ ಅಥವಾ 108ಕ್ಕೆ ಫೋನ್ ಮಾಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ, ಆಕ್ಸಿಮೀಟರ್ 92ಕ್ಕಿಂತ ಕೆಳಗಿಳಿದರೆ 20 ನಿಮಿಷವೂ ಕಾಯಬೇಡಿ. ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತು ದಮ್ಮು ಹಾಗೇ ಇದ್ದರೆ ಗಾಳಿಯೇ ಆಡುತ್ತಿಲ್ಲ ಎಂದರ್ಥ, ಗುಣವಾಯಿತೆಂದಲ್ಲ. ನಿದ್ದೆ ಮಾತ್ರೆ ಕೊಡಬೇಡಿ. ದಾರಿಯಲ್ಲೂ ಕೂತೇ ಇರಲಿ, 20 ನಿಮಿಷಕ್ಕೊಮ್ಮೆ ನಾಲ್ಕು ಒತ್ತು ಮುಂದುವರಿಯಲಿ. ನುಂಗುತ್ತಿರುವ ಎಲ್ಲ ಔಷಧಗಳನ್ನೂ ಒಂದು ಚೀಲಕ್ಕೆ ಹಾಕಿ ಜೊತೆಗೊಯ್ಯಿರಿ.