ಮರ ಹತ್ತದೆ ಅಡಿಕೆ ಮರದ ಎತ್ತರ ಅಳೆಯೋದು ಹೇಗೆ?

ಮರದ ತುದಿ 45 ಡಿಗ್ರಿ ಕೋನದಲ್ಲಿ ಕಾಣುವವರೆಗೆ ಹಿಂದೆ ಸರಿಯಿರಿ. ಅಲ್ಲಿಂದ ಬುಡಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿ. 12 ಮೀಟರ್ ದೂರ, ಕಣ್ಣು 1.5 ಮೀಟರ್ ಆದರೆ ಮರ 13.5 ಮೀಟರ್.

ಯಾಕೆ ಅಂದ್ರೆ, ಕಣ್ಣು, ಕಣ್ಣಿನ ಮಟ್ಟದಲ್ಲಿ ಕಾಂಡದ ಬಿಂದು, ಮರದ ತುದಿ ಸೇರಿ ಲಂಬಕೋನ ತ್ರಿಭುಜ ಆಗುತ್ತದೆ. ಒಂದು ಕೋನ 90, ಇನ್ನೊಂದು 45 ಆದರೆ ಉಳಿದದ್ದೂ 45 ಆಗಲೇಬೇಕು ಅಲ್ವಾ? ಕೋನ ಸಮ ಇದ್ದರೆ ಅವುಗಳ ಎದುರಿನ ಬಾಹುಗಳೂ ಸಮ. ಟ್ಯಾನ್ 45 (ಕೋನದ ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದ್ದು) ಅಂದ್ರೆ 1 ಅಂತ ನಾವು ಸುಮ್ನೆ ಬಾಯಿಪಾಠ ಮಾಡಿದ್ದು ಇದನ್ನೇ.

45 ಡಿಗ್ರಿ ಗೊತ್ತಾಗಲು ಚೌಕದ ರಟ್ಟನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಓರೆ ಅಂಚಿನ ಗುಂಟ ತುದಿ ನೋಡಿ. ನಿಂತ ಅಂಚಿಗೆ ದಾರದಲ್ಲಿ ಒಂದು ಗೋಟಡಿಕೆ ಇಳಿಬಿಟ್ಟರೆ ರಟ್ಟು ವಾಲಿದ್ದು ಗೊತ್ತಾಗುತ್ತದೆ. ಮಲೆನಾಡಿನ ಸಮತಟ್ಟು ತೋಟದಲ್ಲಿ ಲೆಕ್ಕ ಸರಿ ಬರುತ್ತದೆ, ಗುಡ್ಡದ ಇಳಿಜಾರಿನಲ್ಲಿ ಕೈಕೊಡುತ್ತದೆ.