ಪ್ರವಾಹದಲ್ಲಿ ಹೆಲಿಕಾಪ್ಟರಿನಿಂದ ಇಳಿಸುವ ರಕ್ಷಣಾ ಬುಟ್ಟಿಯನ್ನು ವಿನ್ಯಾಸ ಮಾಡುವಾಗ ಏನೇನು ಗಮನಿಸಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬೆಂಗಳೂರಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದೀರಿ. ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ಹೆಲಿಕಾಪ್ಟರಿನಿಂದ ಎತ್ತುವ ಬುಟ್ಟಿಯೇ ನಿಮ್ಮ ತಂಡದ ಪ್ರಾಜೆಕ್ಟ್. ಮನುಷ್ಯ ಒಳಗೆ ಬಂದದ್ದನ್ನು ಸೆನ್ಸರ್ ಗುರುತಿಸುತ್ತದೆ, ಮೋಟಾರು ಬಾಗಿಲು ಮುಚ್ಚುತ್ತದೆ, ಕ್ಯಾಮೆರಾ ಮೇಲಕ್ಕೆ ಚಿತ್ರ ಕಳಿಸುತ್ತದೆ. ಇದು ನಡೆಯುವ ಮಾತೇ, ಅಲ್ಯೂಮಿನಿಯಂ ಹಾಕಲೋ ಸ್ಟೀಲ್ ಹಾಕಲೋ ಎಂದು ಕೇಳಿದ್ದೀರಿ.

ಹೆಲಿಕಾಪ್ಟರಿಗೆ ನೇತುಹಾಕುವ, ಒಳಗೆ ಬಿಗಿಯುವ ಸಲಕರಣೆಗಳ ವಿನ್ಯಾಸವೇ ನನ್ನ ಉದ್ಯೋಗ, ಅದೂ ಇದೇ ಊರಲ್ಲಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೆಟೀರಿಯಲ್ ಪ್ರಶ್ನೆ ಕೊನೆಗಿರಲಿ. ಮೊದಲು ಒಂದು ಹಾಳೆ ತೆಗೆದುಕೊಂಡು, ನೀರಿನಲ್ಲಿರುವ ಮನುಷ್ಯನಿಂದ ನಿಮ್ಮ ಬುಟ್ಟಿ ಏನೇನು ಕೆಲಸ ಕೇಳುತ್ತದೆ ಎಂದು ಬರೆಯಿರಿ. ಅಂಚು ಹಿಡಿಯಬೇಕು, ಮೈ ಮೇಲೆತ್ತಬೇಕು, ಕಾಲು ಒಳಗೆ ಹಾಕಬೇಕು, ಬೆಲ್ಟ್ ಬಿಗಿದುಕೊಳ್ಳಬೇಕು. ಆಮೇಲೆ ಒಂದೊಂದನ್ನೇ ಹೊಡೆದುಹಾಕುತ್ತಾ ಬನ್ನಿ. ನಿಮ್ಮ ವಿನ್ಯಾಸದ ಕೆಲಸ ಇರುವುದು ಅಲ್ಲಿ.

ಯಾಕೆ ಹೇಳುತ್ತೇನೆಂದರೆ, 1983ರ ಫೆಬ್ರವರಿ 12ರಂದು ಅಮೆರಿಕದ ವರ್ಜೀನಿಯಾ ಕರಾವಳಿಯಾಚೆ ಮರೀನ್ ಎಲೆಕ್ಟ್ರಿಕ್ ಎಂಬ ಕಲ್ಲಿದ್ದಲು ಹಡಗು ಮುಳುಗಿತು. ಹಡಗಿನಲ್ಲಿ 34 ಜನ. ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಬಂತು, ಬುಟ್ಟಿಯನ್ನೂ ಇಳಿಸಿತು. ಬುಟ್ಟಿ ಚೆನ್ನಾಗಿಯೇ ಇತ್ತು. ಆದರೆ ಮರಗಟ್ಟಿದ ಕೈಗಳಿಂದ ಅದನ್ನು ಹತ್ತಲು ನೀರಿನಲ್ಲಿದ್ದ ಬಹುತೇಕರಿಗೆ ಆಗಲಿಲ್ಲ. ಬದುಕಿದವರು 3 ಜನ. ನೀರಿಗಿಳಿಯುವ ತರಬೇತಾದ ಈಜುಗಾರ ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ, ನೌಕಾಪಡೆಯಿಂದ ಕರೆಸಬೇಕಾಯಿತು. ಅಮೆರಿಕದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರುಗಳಲ್ಲಿ ರಕ್ಷಣಾ ಈಜುಗಾರರು ಬಂದದ್ದು ಇದಾದ ಮೇಲೆ. ಬುಟ್ಟಿಯ ಜೊತೆಗೆ ಒಬ್ಬ ಮನುಷ್ಯನೂ ಕೆಳಗಿಳಿಯುತ್ತಾನೆ ಎಂದು ಲೆಕ್ಕ ಹಾಕಿಯೇ ಡ್ರಾಯಿಂಗ್ ಮಾಡಿ. ಅವನು ಹಿಡಿಯಲು, ತಳ್ಳಲು ಜಾಗ ಬೇಕು.

ನಮ್ಮ ನೀರು ಅಷ್ಟು ತಣ್ಣಗಿರುವುದಿಲ್ಲ ಎನ್ನಬಹುದು. ನಿಜ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ರಾತ್ರಿಯಿಡೀ ಮರದ ಮೇಲೆ ನೆನೆದು ಕೂತವರ ಬೆರಳು ಬೆಳಗ್ಗೆ ಬಕಲ್ ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ, ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್ ಎರಡರಲ್ಲೂ ಹೊರತಂದದ್ದು ನಿಮಗೆ ನೆನಪಿರಬಹುದು. ಅಂಥ ಗುಂಪಿನಲ್ಲಿ ಮಕ್ಕಳಿರಬಹುದು, ಮಂಡಿನೋವಿನ ಅಜ್ಜಿ ಇರಬಹುದು, ಸೀರೆ ಉಟ್ಟವರು, ಲುಂಗಿ ಕಟ್ಟಿದವರು ಇರಬಹುದು. ವಿದೇಶಿ ಕ್ಯಾಟಲಾಗ್ ನೋಡಿ ಬುಟ್ಟಿ ಬರೆಯುವವರು ಒದ್ದೆ ಸೆರಗು ಸರಳಿಗೆ ಸಿಕ್ಕಿಕೊಳ್ಳುವುದನ್ನು ಯೋಚಿಸಿಯೇ ಇರುವುದಿಲ್ಲ.

ಬುಟ್ಟಿ ಯಾಕೆ, ಕಂಕುಳಡಿ ಹಾಕುವ ಪಟ್ಟಿ, ಅಂದರೆ ಸ್ಲಿಂಗ್, ಸಾಲದೇ ಎಂದು ನಿಮ್ಮ ಗೈಡ್ ಕೇಳಿಯೇ ಕೇಳುತ್ತಾರೆ. ಸ್ಲಿಂಗ್ ಹಗುರ, ಸಣ್ಣದು, ಎಲ್ಲ ಕಡೆ ಇರುವುದೂ ಅದೇ. ಅದರ ತೊಂದರೆ ಎರಡು. ಮೇಲೆ ಹೋಗುವಾಗ ಎರಡೂ ಕೈ ಕೆಳಗಿರಬೇಕು, ಹೆದರಿದ ಮನುಷ್ಯ ಮಾತ್ರ ಕೈ ಮೇಲೆತ್ತಿ ಕೊಕ್ಕೆಯನ್ನೇ ಹಿಡಿಯಲು ಹೋಗುತ್ತಾನೆ. ಕೈ ಎತ್ತಿದರೆ ಒದ್ದೆ ಮೈ ಸ್ಲಿಂಗಿನಿಂದ ಜಾರುತ್ತದೆ. ಮಕ್ಕಳಂತೂ ಸಲೀಸಾಗಿ ಜಾರುತ್ತಾರೆ. ಇನ್ನೊಂದು, ತುಂಬ ಹೊತ್ತು ನೀರಿನಲ್ಲಿದ್ದವರನ್ನು ನೆಟ್ಟಗೆ ನೇತುಹಾಕಿ ಎತ್ತಿದರೆ, ಅಷ್ಟು ಹೊತ್ತು ಮೈಯನ್ನು ಸುತ್ತಲಿಂದ ಒತ್ತಿಹಿಡಿದಿದ್ದ ನೀರಿನ ಒತ್ತಡ ಒಮ್ಮೆಲೇ ತಪ್ಪಿ, ರಕ್ತ ಕಾಲಿಗಿಳಿದು, ಪ್ರಜ್ಞೆ ತಪ್ಪಬಹುದು, ಹೃದಯವೂ ನಿಲ್ಲಬಹುದು. 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯ ದುರಂತದ ನಂತರ ವೈದ್ಯರು ಇದನ್ನು ಗಂಭೀರವಾಗಿ ನೋಡತೊಡಗಿದರು. ಅದಕ್ಕೇ ಮಂಡಿಯ ಕೆಳಗೆ ಇನ್ನೊಂದು ಪಟ್ಟಿ ಹಾಕಿ ಕೂತ ಭಂಗಿಯಲ್ಲಿ ಎತ್ತುವ ಪದ್ಧತಿ ಬಂತು. ಬುಟ್ಟಿಯಲ್ಲಿ ಆ ಭಂಗಿ ತಾನಾಗಿಯೇ ಸಿಗುತ್ತದೆ. ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬುಟ್ಟಿಯ ಪರವಾದ ದೊಡ್ಡ ವಾದ ಇದೇ ಆಗಲಿ, ಕ್ಯಾಮೆರಾ ಅಲ್ಲ.

ಈಗ ತೇಲುವ ವಿಷಯ. ಇದರಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ದಾರಿ ತಪ್ಪುತ್ತಾರೆ. ಬುಟ್ಟಿ ಚೆನ್ನಾಗಿ ತೇಲಲಿ ಎಂದು ಸುತ್ತಲೂ ಫೋಮ್ ಕಟ್ಟುತ್ತಾರೆ; ಅದು ನೀರಿನ ಮೇಲೆ ಎತ್ತರಕ್ಕೆ ಕೂರುತ್ತದೆ. ನೋಡಲು ಚೆಂದ. ಆದರೆ ಅಂಚು ನೀರಿನಿಂದ ಒಂದು ಗೇಣು ಮೇಲಿದ್ದರೂ ಸುಸ್ತಾದವನು ಅದನ್ನು ದಾಟಲಾರ. ಈಜುಕೊಳದ ಅಂಚನ್ನು ಏಣಿಯಿಲ್ಲದೆ ಹತ್ತಿ ನೋಡಿ, ಅದೂ ಬಟ್ಟೆ ಹಾಕಿಕೊಂಡು. ಬುಟ್ಟಿಯ ತಳ ನೀರಿನೊಳಗೆ ಮೊಳದಷ್ಟು ಆಳದಲ್ಲಿರಬೇಕು, ಪ್ರವೇಶದ ಕಡೆಯ ಅಂಚು ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ಆಗ ಮನುಷ್ಯ ಹತ್ತಬೇಕಾಗಿಲ್ಲ, ತೇಲಿಕೊಂಡೇ ಒಳಗೆ ಬರುತ್ತಾನೆ. ಎತ್ತಲು ಶುರುಮಾಡಿದಾಗ ತಳ ತಾನೇ ಅವನಡಿಗೆ ಬರುತ್ತದೆ. ಇದಕ್ಕೆ ಎಷ್ಟು ಲೀಟರ್ ಫೋಮ್ ಬೇಕು ಎನ್ನುವುದು ಹೈಸ್ಕೂಲ್ ಲೆಕ್ಕ: ಒಂದು ಲೀಟರ್ ನೀರು ಸರಿಸಿದರೆ ಒಂದು ಕಿಲೋ ಎತ್ತುಬಲ. ಎಲ್ಲಿ ಕಟ್ಟಬೇಕು ಎನ್ನುವುದೇ ಕಷ್ಟ. ಫ್ಲೋಟ್ ಮೇಲ್ಭಾಗದಲ್ಲಿ, ಎರಡು ತುದಿಗಳಲ್ಲಿ ಇರಲಿ, ಒಬ್ಬರು ಒಂದೇ ಕಡೆ ಜೋತುಬಿದ್ದರೂ ಮಗುಚಬಾರದು. ನಿಮ್ಮ ಮೋಟಾರು ಬಾಗಿಲಿಗೆ ಇಲ್ಲಿ ಕೆಲಸವೇ ಉಳಿಯಲಿಲ್ಲ ನೋಡಿ.

ಹರಿಯುವ ನೀರು ಬೇರೆಯೇ ಕಥೆ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನುಗ್ಗುವ ಹೊಳೆಗೆ ಅರ್ಧ ಚದರ ಮೀಟರ್ ಅಡ್ಡ ನಿಂತರೂ ಸುಮಾರು 230 ಕಿಲೋ ಸೆಳೆತ ಬೀಳುತ್ತದೆ. ಹೆಲಿಕಾಪ್ಟರಿನಲ್ಲಿ ಕೇಬಲ್ ಸುತ್ತಿ ಭಾರ ಎತ್ತುವ ಯಂತ್ರಕ್ಕೆ ವಿಂಚ್ ಎನ್ನುತ್ತಾರೆ; ರಕ್ಷಣಾ ವಿಂಚ್‌ಗಳ ಸಾಮಾನ್ಯ ಮಿತಿ 272 ಕಿಲೋ. ಅಂದರೆ ಬುಟ್ಟಿಯನ್ನು ಹೊಳೆಗೆ ಇಳಿಸಿ ಹೆಲಿಕಾಪ್ಟರ್ ಒಂದೇ ಕಡೆ ನಿಂತರೆ, ಒಳಗೆ ಮನುಷ್ಯ ಬರುವ ಮೊದಲೇ ವಿಂಚಿನ ಶಕ್ತಿಯ ಬಹುಪಾಲು ಖರ್ಚಾಯಿತು. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು. ಆದ್ದರಿಂದ ಗೋಡೆಗಳು ತೆರೆದ ಬಲೆಯಂತಿರಬೇಕು, ಫೈಬರ್ ತೊಟ್ಟಿ ಬೇಡವೇ ಬೇಡ. ಬಾವಿಯಿಂದ ಬಿಂದಿಗೆ ಸೇದಿದವರಿಗೆ ಇದು ಗೊತ್ತು, ನೀರಿನೊಳಗಿದ್ದಾಗ ಹಗುರ, ಮೇಲೆ ಬಂದ ಕ್ಷಣ ಪೂರ್ತಿ ಭಾರ. 200 ಲೀಟರ್ ನೀರು ಹಿಡಿದ ತೊಟ್ಟಿ 200 ಕಿಲೋ ಹೆಚ್ಚುವರಿ ತೂಕ. ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು? ನೀರು ಸುರಿದುಹೋಗಬೇಕು, ಮಗುವಿನ ಪಾದ ತೂರಬಾರದು. ಆ ಎರಡರ ನಡುವೆ ನೀವೇ ಹುಡುಕಿ.

ಮೇಲಿನ ಗಾಳಿಯನ್ನು ನಿಮ್ಮ ಪ್ರಶ್ನೆ ಮುಟ್ಟಿಯೇ ಇಲ್ಲ. ನಮ್ಮೂರಿನ ಎಚ್‌ಎಎಲ್ ವಿನ್ಯಾಸ ಮಾಡಿದ ಧ್ರುವ್ ಹೆಲಿಕಾಪ್ಟರನ್ನೇ ತೆಗೆದುಕೊಳ್ಳಿ. ಗರಿಷ್ಠ ತೂಕ 5.5 ಟನ್, ರೋಟರಿನ ವ್ಯಾಸ 13.2 ಮೀಟರ್. ಭಾಗಿಸಿದರೆ ರೋಟರ್ ಬೀಸುವ ವೃತ್ತದ ಪ್ರತಿ ಚದರ ಮೀಟರಿಗೆ 40 ಕಿಲೋ. ಆ ಭಾರವನ್ನು ಗಾಳಿಯಲ್ಲಿ ನಿಲ್ಲಿಸಲು ಕೆಳಕ್ಕೆ ತಳ್ಳುವ ಗಾಳಿಯ ವೇಗ ಲೆಕ್ಕದಲ್ಲಿ ಗಂಟೆಗೆ ಸುಮಾರು 90 ಕಿಲೋಮೀಟರ್ ಬರುತ್ತದೆ. ಕೆಳಗಿರುವವನ ಮುಖಕ್ಕೆ ನೀರು ರಾಚುತ್ತದೆ, ಕಣ್ಣು ಬಿಡಲಾಗುವುದಿಲ್ಲ, ಮೇಲಿನಿಂದ ಕೂಗಿದ್ದು ಕೇಳುವುದೇ ಇಲ್ಲ. ಬುಟ್ಟಿಯ ಮೇಲೆ ಅಂಟಿಸಿದ ಸೂಚನಾ ಚೀಟಿ ಕನ್ನಡದಲ್ಲಿದ್ದರೂ ಓದುವವರಿಲ್ಲ. ಇನ್ನೂ ಎತ್ತರಕ್ಕೆ ಹೋದರೆ ಗಾಳಿ ಸ್ವಲ್ಪ ತಗ್ಗುತ್ತದೆ, ಆದರೆ ಕೇಬಲ್ ಉದ್ದವಾಗಿ ತೂಗಾಟ ನಿಧಾನವಾಗುತ್ತದೆ: 20 ಮೀಟರಿಗೆ ಒಂದು ತೂಗು ಸುಮಾರು 9 ಸೆಕೆಂಡ್, 40 ಮೀಟರಿಗೆ 13ರ ಹತ್ತಿರ. ಒಮ್ಮೆ ಶುರುವಾದದ್ದು ನಿಲ್ಲಲು ಬಹಳ ಹೊತ್ತು ಬೇಕು.

ತೂಗಾಟಕ್ಕಿಂತ ಕೆಟ್ಟದ್ದು ಗಿರಗಿರ ತಿರುಗುವುದು. 2019ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್ ನಗರದ ಬೆಟ್ಟವೊಂದರಿಂದ ಹಿರಿಯ ಮಹಿಳೆಯೊಬ್ಬರನ್ನು ಸ್ಟ್ರೆಚರಿನಲ್ಲಿ ಎತ್ತುವಾಗ ಅದು ಬುಗುರಿಯಾದ ವಿಡಿಯೋ ಊರೆಲ್ಲ ಹರಿದಾಡಿತ್ತು. ಚಪ್ಪಟೆಯಾದ, ಗಾಳಿ ದಾಟದ, ಉದ್ದನೆಯ ಆಕಾರಗಳು ರೋಟರ್ ಗಾಳಿಯಲ್ಲಿ ಸುಲಭವಾಗಿ ತಿರುಗುತ್ತವೆ. ತೆರೆದ ಬಲೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಕೆಳಗಿನವರು ಹಿಡಿಯುವ ಒಂದು ಹಗ್ಗ ಬೇಕು. ಅದರ ನಡುವೆ ನಿಗದಿತ ಸೆಳೆತಕ್ಕೆ ತಾನೇ ಕಡಿಯುವ ದುರ್ಬಲ ಕೊಂಡಿ ಇರಲೇಬೇಕು, ಇಲ್ಲದಿದ್ದರೆ ಹಗ್ಗ ಮರಕ್ಕೆ ಸುತ್ತಿದಾಗ ಕೆಳಗೆ ಬರುವುದು ಹೆಲಿಕಾಪ್ಟರೇ.

ಇನ್ನು ನಿಮ್ಮ ಸೆನ್ಸರ್. ಹಾರುವ ಹೆಲಿಕಾಪ್ಟರಿನ ಮೈಮೇಲೆ ಸ್ಥಿರವಿದ್ಯುತ್ ಸಾವಿರಾರು ವೋಲ್ಟ್‌ವರೆಗೆ ಕೂಡಿಕೊಳ್ಳುತ್ತದೆ. ಅದಕ್ಕೇ ಕೊಕ್ಕೆಯನ್ನು ಮೊದಲು ನೀರಿಗೋ ನೆಲಕ್ಕೋ ಮುಟ್ಟಿಸಬೇಕು, ಆಮೇಲೆಯೇ ಮನುಷ್ಯ ಮುಟ್ಟಬೇಕು. ಆ ಹೊಡೆತ ನೇರ ನಿಮ್ಮ ಬುಟ್ಟಿಯ ಮೂಲಕವೇ ನೀರಿಗಿಳಿಯುತ್ತದೆ. ದಾರಿಯಲ್ಲಿ ಎಸ್‌ಪಿ ರೋಡಿನಿಂದ ತಂದ ಕಂಟ್ರೋಲರ್ ಬೋರ್ಡ್ ಸಿಕ್ಕರೆ ಅದರ ಗತಿ ಊಹಿಸಿ. ಬ್ಯಾಟರಿ ಸತ್ತಾಗ ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ನಿಲ್ಲುತ್ತದೋ ತೆರೆದ ಸ್ಥಿತಿಯಲ್ಲೋ? ಎರಡೂ ಉತ್ತರ ಅಪಾಯವೇ. ಎಲೆಕ್ಟ್ರಾನಿಕ್ಸ್ ಇಲ್ಲದಿದ್ದರೆ ಮಾರ್ಕ್ಸ್ ಕಡಿಮೆಯಾಗುತ್ತದೆ ಎಂಬ ಭಯವಿದ್ದರೆ, ಕ್ಯಾಮೆರಾವನ್ನು ವಿಂಚಿನ ಪಕ್ಕ, ಮೇಲೆ ಹಾಕಿ. ಅಲ್ಲಿ ಅದರಿಂದ ನಿಜವಾದ ಉಪಯೋಗವೂ ಇದೆ.

ಕೇಬಲ್ ಬಗ್ಗೆ ಗೊತ್ತಿರಲಿ. ಬಹುತೇಕ ವಿಂಚ್‌ಗಳಲ್ಲಿ ಇರುವುದು 4.76 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಹಗ್ಗ, 19 ಎಳೆ, ಪ್ರತಿ ಎಳೆಯಲ್ಲಿ 7 ತಂತಿ. ವಿಂಚಿನಲ್ಲಿ ಸಿಡಿಮದ್ದಿನಿಂದ ನಡೆಯುವ ಕಟರ್ ಇರುತ್ತದೆ. ಕೇಬಲ್ ಎಲ್ಲಾದರೂ ಸಿಕ್ಕಿ ಹೆಲಿಕಾಪ್ಟರಿಗೇ ಅಪಾಯ ಎಂದಾದರೆ ಗುಂಡಿ ಒತ್ತಿ ಕತ್ತರಿಸುತ್ತಾರೆ. ಕೆಳಗೆ ಯಾರಿದ್ದರೂ. ಇದನ್ನು ಓದಿದ ಮೇಲೆ ನಿಮ್ಮ ಬುಟ್ಟಿಯಲ್ಲಿ ಹೊರಚಾಚಿದ ಒಂದೇ ಒಂದು ಬೋಲ್ಟ್, ಕೊಂಬೆಗೆ ಸಿಕ್ಕಬಹುದಾದ ಒಂದೇ ಒಂದು ಮೂಲೆ ಉಳಿಯಬಾರದು. ಎಲ್ಲ ಅಂಚುಗಳೂ ದುಂಡಗಿರಲಿ.

ಕೊಕ್ಕೆಯಲ್ಲೂ ಒಂದು ಹಳೆಯ ಮೋಸವಿದೆ. ಅಲೆ ಬುಟ್ಟಿಯನ್ನು ಎತ್ತಿದಾಗ ಕೇಬಲ್ ಸಡಿಲವಾಗಿ, ಬುಟ್ಟಿಯ ರಿಂಗ್ ಕೊಕ್ಕೆಯ ಮೂತಿಯ ಮೇಲೆ ಹೊರಳಿ, ಚಿಲಕವನ್ನು ತಾನೇ ಒತ್ತಿ ಕಳಚಿಕೊಳ್ಳುತ್ತದೆ. ಹೀಗೆ ಜನ ಸತ್ತಿದ್ದಾರೆ. ಚಿಲಕ ಲಾಕ್ ಆಗುವ ಕೊಕ್ಕೆಯೇ ಇದಕ್ಕೆ ಉತ್ತರ. ಕೊಕ್ಕೆ ನಿಮ್ಮ ಕೈಯಲ್ಲಿಲ್ಲದಿದ್ದರೂ ರಿಂಗಿನ ಅಳತೆ ನಿಮ್ಮದೇ. ಲೆಕ್ಕಕ್ಕೆ ಬಂದರೆ, ಮನುಷ್ಯರನ್ನು ಹೊರಗೆ ನೇತುಹಾಕುವ ವ್ಯವಸ್ಥೆಗೆ ಯುರೋಪ್, ಅಮೆರಿಕದ ನಿಯಮಗಳು ಭಾರದ 3.5 ಪಟ್ಟನ್ನು ಮಿತಿಯಾಗಿ ಹಿಡಿಯುತ್ತವೆ, ಸರಕಿಗಾದರೆ 2.5. ಅದರ ಮೇಲೆ ಮಾಮೂಲಿ 1.5 ಸುರಕ್ಷಾ ಗುಣಕ. ಬುಟ್ಟಿಯೂ ಇಬ್ಬರೂ ಸೇರಿ 180 ಕಿಲೋ ಎಂದರೆ 945 ಕಿಲೋಗೆ ಮುರಿಯಬಾರದು. ಸೇನೆಗೆ ಹೋಗುವ ಸಾಮಾನಾದರೆ ಸೇನಾ ವಿಮಾನಗಳಿಗೆ ಹಾರಾಟದ ಅನುಮೋದನೆ ಕೊಡುವ ಮಾರತ್ತಹಳ್ಳಿಯ ಸೆಮಿಲ್ಯಾಕ್, ನಾಗರಿಕ ಬಳಕೆಗಾದರೆ ನಾಗರಿಕ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ ಒಪ್ಪಬೇಕು. ಅದು ಸದ್ಯಕ್ಕೆ ನಿಮ್ಮ ತಲೆನೋವಲ್ಲ.

ಬಾಗಿಲ ಬಳಿಯ ಕೊನೆಯ ಮೀಟರ್ ಮರೆಯಬೇಡಿ. 2022ರ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ದೇವಘರ್ ಬಳಿ ತ್ರಿಕೂಟ ರೋಪ್‌ವೇಯಲ್ಲಿ ಸಿಕ್ಕಿಕೊಂಡವರನ್ನು ಎತ್ತುವ ಕಾರ್ಯಾಚರಣೆಯಲ್ಲಿ ಒಬ್ಬರು ಹೆಲಿಕಾಪ್ಟರಿನ ಬಾಗಿಲವರೆಗೆ ಬಂದು, ಒಳಗೆ ಎಳೆದುಕೊಳ್ಳುವಾಗ ಬಿದ್ದುಹೋದರು. ಬುಟ್ಟಿ ಬಾಗಿಲಿನ ಹೊಸ್ತಿಲಿನ ಮೇಲೆ ಜಾರಿ ಒಳಗೆ ಬರಬೇಕು, ಅದಕ್ಕೆ ತಳದಲ್ಲಿ ನಯವಾದ ಎರಡು ಜಾರುಪಟ್ಟಿ ಇರಲಿ. ಯಲಹಂಕದ ಏರೋ ಇಂಡಿಯಾದಲ್ಲಿ ಹೆಲಿಕಾಪ್ಟರ್ ನಿಲ್ಲಿಸಿರುತ್ತಾರೆ. ಸೆಲ್ಫಿ ಬಿಟ್ಟು ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ, ವಿಂಚಿನ ತೋಳು ಎಷ್ಟು ಚಾಚಿದೆ ಎಂಬುದನ್ನು ನೋಡಿ ಬನ್ನಿ.

ಮೆಟೀರಿಯಲ್ ಈಗ: ಚೌಕಟ್ಟಿಗೆ 316 ಸ್ಟೇನ್‌ಲೆಸ್ ಕೊಳವೆ ಸಾಕು, ವೆಲ್ಡಿಂಗ್ ಪೀಣ್ಯದಲ್ಲಿ ಮಾಡಿಸಬಹುದು. ಅಲ್ಯೂಮಿನಿಯಂ ಹಗುರ, ಆದರೆ ಉಪ್ಪುನೀರಿನಲ್ಲಿ ಸ್ಟೀಲ್ ಬೋಲ್ಟಿನ ಪಕ್ಕ ಕೂತರೆ ಕೊರೆದುಹೋಗುತ್ತದೆ. ಪಟ್ಟಿಗಳಿಗೆ ನೈಲಾನಿಗಿಂತ ಪಾಲಿಯೆಸ್ಟರ್ ವಾಸಿ, ನೈಲಾನ್ ಒದ್ದೆಯಾದರೆ ಬಲ ಸ್ವಲ್ಪ ಇಳಿಯುತ್ತದೆ. ಬಣ್ಣ ಕಿತ್ತಳೆ.

ಪರೀಕ್ಷೆಗೆ ಹೆಲಿಕಾಪ್ಟರ್ ಬೇಕಿಲ್ಲ. ಹಲಸೂರು ಕೆರೆಗೆ ಮಾತ್ರ ಇಳಿಯಬೇಡಿ, ಬುಟ್ಟಿಗಿಂತ ಮೊದಲು ನಿಮಗೆ ಚಿಕಿತ್ಸೆ ಬೇಕಾದೀತು. ಕಾಲೇಜಿನದೋ ಕ್ಲಬ್ಬಿನದೋ ಈಜುಕೊಳವನ್ನು ಲೈಫ್‌ಗಾರ್ಡ್ ಇರುವ ಹೊತ್ತಿನಲ್ಲಿ ಕೇಳಿಕೊಂಡು, ಮೇಲೊಂದು ಚೈನ್ ಪುಲ್ಲಿ ಕಟ್ಟಿ. ಪ್ರಾಜೆಕ್ಟ್ ಬಗ್ಗೆ ಏನೂ ಗೊತ್ತಿಲ್ಲದ, ಈಜು ಬಲ್ಲ ಒಬ್ಬ ಗೆಳೆಯನಿಗೆ ದಪ್ಪ ಉಣ್ಣೆ ಕೈಗವಸು ಹಾಕಿಸಿ, ಲುಂಗಿ ಉಡಿಸಿ, ಪೈಪಿನಿಂದ ಮುಖಕ್ಕೆ ನೀರು ಹೊಡೆಯಿರಿ. ಒಂದು ಮಾತೂ ಹೇಳಿಕೊಡಬೇಡಿ. ಅವನು ಎಷ್ಟು ಹೊತ್ತಿನಲ್ಲಿ ಒಳಗೆ ಬಂದ, ಮೊದಲು ಎಲ್ಲಿ ಹಿಡಿದ, ಎತ್ತುವಾಗ ಕೈ ಎಲ್ಲಿಟ್ಟ ಎಂದು ವಿಡಿಯೋ ಮಾಡಿಕೊಳ್ಳಿ. ಫ್ಲೋಟ್ ಜಾಗ ಬದಲಿಸಿ, ಬೇರೊಬ್ಬ ಗೆಳೆಯನನ್ನು ಕರೆದು ಮತ್ತೆ ಮಾಡಿ; ಅದೇ ಗೆಳೆಯನಾದರೆ ಅವನು ಈಗಾಗಲೇ ಕಲಿತಿರುತ್ತಾನೆ. ಮೊದಲ ಡ್ರಾಯಿಂಗ್ ಸಿದ್ಧವಾದಾಗ ಫ್ಲೋಟ್ ಅಳತೆಗಳ ಸಮೇತ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.